ಬಾಟಲಿ ಹಾಲು ಕುಡಿದು ಬೆಳೆದ ಆನೆಮರಿ ಮತ್ತೆ ಕಾಡಾನೆಯಾಗುತ್ತದೆಯೇ?

ಪ್ರಶ್ನೆ: ಕೆನ್ಯಾದಲ್ಲಿ ತಾಯಿಯನ್ನು ಕಳೆದುಕೊಂಡ ಆನೆಮರಿಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸಿ, ರಾತ್ರಿ ಅವುಗಳ ಪಕ್ಕದಲ್ಲೇ ಮಲಗಿ ಸಾಕುತ್ತಾರೆಂದು ಓದಿದ್ದೇನೆ. ಮನುಷ್ಯರನ್ನು ಅಷ್ಟೊಂದು ಹಚ್ಚಿಕೊಂಡ ಮರಿ ಮುಂದೆ ಕಾಡಿನಲ್ಲಿ ಬದುಕಲು ಸಾಧ್ಯವೇ?

ಉತ್ತರ: ಸಾಧ್ಯ, ಹಾಗೆ ಬದುಕುತ್ತಿರುವ ಆನೆಗಳು ಕೆನ್ಯಾದ ತ್ಸಾವೊ ಪ್ರದೇಶದಲ್ಲಿ ಸಾಕಷ್ಟಿವೆ. ಮನುಷ್ಯರ ಸಲುಗೆ ಕಾಡಿಗೆ ಮರಳಲು ಅಡ್ಡಿಯಾಗುತ್ತದೆ ಎಂಬ ಆತಂಕ ಸಹಜವೇ ಆದರೂ, ಎಳೆಯ ಆನೆಮರಿಯ ಮಟ್ಟಿಗೆ ಅಪಾಯವಿರುವುದು ಬೇರೆ ಕಡೆ. ಯಾರನ್ನೂ ಹಚ್ಚಿಕೊಳ್ಳದ ಮರಿ ಕಾಡು ಸೇರುವ ವಯಸ್ಸಿನವರೆಗೆ ಉಳಿಯುವುದೇ ಕಷ್ಟ. ಹಾಗಾಗಿ ಅದು ಒಬ್ಬರನ್ನೇ ನೆಚ್ಚಿಕೊಂಡಿದೆಯೇ, ಹಲವರನ್ನೇ, ಮತ್ತು ಆ ಹಲವರ ಸ್ಥಾನಕ್ಕೆ ಬೇರೆ ಆನೆಗಳು ಯಾವಾಗ ಬರುತ್ತವೆ ಎಂಬುದನ್ನು ನೋಡಬೇಕಾಗುತ್ತದೆ.

ಈ ತಿಳಿವಳಿಕೆಗೆ ತೆತ್ತ ಬೆಲೆ ಸಣ್ಣದಲ್ಲ. ತ್ಸಾವೊ ಪೂರ್ವ ರಾಷ್ಟ್ರೀಯ ಉದ್ಯಾನದ ಮೊದಲ ವಾರ್ಡನ್ ಡೇವಿಡ್ ಶೆಲ್ಡ್ರಿಕ್ ಅವರ ಪತ್ನಿ ಡ್ಯಾಫ್ನಿ ಶೆಲ್ಡ್ರಿಕ್, ಹಾಲು ಬಿಡದ ಮರಿಗಳನ್ನು ಉಳಿಸಲು ಹಲವು ವರ್ಷ ಹೆಣಗಿದರು. ಹಸುವಿನ ಹಾಲಿನ ಕೊಬ್ಬು ಆನೆಮರಿಗೆ ಒಗ್ಗುವುದಿಲ್ಲ. ಭೇದಿ ಹತ್ತಿ ಮರಿ ಬಹಳ ಬೇಗ ನಿತ್ರಾಣವಾಗುತ್ತದೆ. ಕೊನೆಗೆ ತೆಂಗಿನ ಎಣ್ಣೆಯ ಕೊಬ್ಬಿರುವ ಹಾಲಿನ ಪುಡಿ ಒಗ್ಗಿತು. ಆ ಹಾಲು ಕುಡಿದು 1974ರ ಸುಮಾರಿಗೆ ಚೇತರಿಸಿಕೊಂಡ ಆಯಿಶಾ ಎಂಬ ಮರಿ ಡ್ಯಾಫ್ನಿ ಅವರೊಬ್ಬರನ್ನೇ ತಾಯಿಯೆಂದು ನಂಬಿತ್ತು. ಮಗಳ ಮದುವೆಗಾಗಿ ಅವರು ಕೆಲವು ದಿನ ಊರಿನಲ್ಲಿಲ್ಲದಾಗ ಅದು ಹಾಲು ಮುಟ್ಟದೆ ಸೊರಗಿ, ಅವರು ಹಿಂದಿರುಗಿದ ಮೇಲೆ ಸತ್ತುಹೋಯಿತು. ಹಾಲು ಸಿಕ್ಕಿದರೂ ಆಸರೆ ತಪ್ಪಿದರೆ ಆನೆಮರಿ ಬದುಕುವುದಿಲ್ಲವೆಂದೂ, ಆ ಆಸರೆ ಒಬ್ಬರೇ ಆಗಿರಬಾರದೆಂದೂ ಆಯಿಶಾಳ ಸಾವು ಕಲಿಸಿತು.

ಡೇವಿಡ್ ತೀರಿಕೊಂಡ 1977ರಲ್ಲೇ ಅವರ ಹೆಸರಿನಲ್ಲಿ ಸ್ಥಾಪನೆಯಾದ ಶೆಲ್ಡ್ರಿಕ್ ಟ್ರಸ್ಟ್, ನೈರೋಬಿ ರಾಷ್ಟ್ರೀಯ ಉದ್ಯಾನದೊಳಗೆ ಎಳೆಯ ಮರಿಗಳ ಪಾಲನಾ ಕೇಂದ್ರವನ್ನು ನಡೆಸುತ್ತದೆ. ದಂತಕ್ಕಾಗಿ ತಾಯಿಯನ್ನು ಕೊಂದಿದ್ದರಿಂದ, ಬರಗಾಲದಿಂದ, ಬಾವಿಗೆ ಬಿದ್ದುದರಿಂದ, ಜನರೊಡನೆ ನಡೆದ ಸಂಘರ್ಷದಿಂದ ಒಂಟಿಯಾದ ಮರಿಗಳು ಇಲ್ಲಿಗೆ ಬರುತ್ತವೆ. ಹೊಸದಾಗಿ ಬಂದ ಮರಿ ಮೊದಲ ದಿನಗಳಲ್ಲಿ ನಿದ್ದೆಗೆಟ್ಟು ಅರಚುವುದುಂಟು, ಹತ್ತಿರ ಹೋದವರನ್ನು ಗುದ್ದಲು ಬರುವುದೂ ಉಂಟು. ಆಗ ಪಾಲಕರ ಮಾತಿಗಿಂತ ಪಕ್ಕದ ಲಾಯದ ಮರಿಗಳ ಸೊಂಡಿಲೇ ಹೆಚ್ಚು ಕೆಲಸ ಮಾಡುತ್ತದೆ. ಅವು ಕಟಕಟೆಯ ಸಂದಿನಿಂದ ಸೊಂಡಿಲು ಚಾಚಿ ಅದರ ಬಾಯಿ, ಕಿವಿ, ಬೆನ್ನನ್ನು ಮುಟ್ಟುತ್ತಲೇ ಇರುತ್ತವೆ.

ಇಲ್ಲಿನ ದಿನಚರಿಯನ್ನು ಹಾಲಿನ ಹೊತ್ತು ನಿರ್ಧರಿಸುತ್ತದೆ. ತೀರ ಎಳೆಯ ಮರಿಗೆ ಹಗಲಿರುಳೆನ್ನದೆ ಸುಮಾರು ಮೂರು ಗಂಟೆಗೊಮ್ಮೆ ಬಾಟಲಿ ಬೇಕು. ಕಾಡಿನಲ್ಲಿ ಮರಿ ಹಾಲು ಕುಡಿಯುವಾಗ ಅದರ ಸೊಂಡಿಲು ತಾಯಿಯ ಮೈಗೆ ತಾಗಿರುತ್ತದೆ. ಆ ಸ್ಪರ್ಶವಿಲ್ಲದೆ ಕುಡಿಯಲೊಲ್ಲದ ಮರಿಗಳಿಗಾಗಿ ಪಾಲಕರು ಕಂಬಳಿಯೊಂದನ್ನು ಇಳಿಬಿಟ್ಟು, ಅದರ ಹಿಂದಿನಿಂದ ಬಾಟಲಿಯನ್ನು ಹಿಡಿಯುತ್ತಾರೆ. ಮರಿ ಸೊಂಡಿಲನ್ನು ಕಂಬಳಿಗೆ ಆನಿಸಿ ನೆಮ್ಮದಿಯಾಗಿ ಹೀರುತ್ತದೆ. ಬೆಳಗಾದೊಡನೆ ಇಡೀ ಗುಂಪು ಪಾಲಕರೊಂದಿಗೆ ಉದ್ಯಾನದ ಕಾಡಿಗೆ ನಡೆದು, ಸೊಪ್ಪು ಮುರಿಯುವುದನ್ನೂ ತೊಗಟೆ ಸುಲಿಯುವುದನ್ನೂ ದೊಡ್ಡ ಮರಿಗಳನ್ನು ನೋಡಿ ಕಲಿಯುತ್ತದೆ. ಹುಟ್ಟಿದ ಕೆಲವು ತಿಂಗಳು ಆನೆಮರಿಗೆ ತನ್ನ ಸೊಂಡಿಲನ್ನು ಏನು ಮಾಡಬೇಕೆಂದೇ ತಿಳಿದಿರುವುದಿಲ್ಲ. ಅದು ಇತರ ಆನೆಗಳ ಲದ್ದಿಯನ್ನು ತಿನ್ನುವುದನ್ನು ಕಂಡರೆ ತಡೆಯಬೇಕಾಗಿಲ್ಲ; ಸೊಪ್ಪು ಜೀರ್ಣವಾಗಲು ಬೇಕಾದ ಸೂಕ್ಷ್ಮಾಣುಗಳು ಅದರ ಹೊಟ್ಟೆ ಸೇರುವುದು ಹಾಗೆಯೇ. ನಡುಹಗಲಿನ ಕೆಸರು ಸ್ನಾನ ಆಟವಾಗಿ ಕಂಡರೂ ಎಳೆಯ ಚರ್ಮಕ್ಕೆ ಬಿಸಿಲಿನಿಂದ ರಕ್ಷಣೆ ಸಿಗುವುದು ಅದರಿಂದಲೇ, ಹಾಗಾಗಿ ಕೆಸರಿಗಿಳಿಯಲು ಹೆದರುವ ಮರಿಯ ಬೆನ್ನಿಗೆ ಪಾಲಕರೇ ಮಣ್ಣು ಎರಚುತ್ತಾರೆ.

ಸಂಜೆ ಲಾಯಕ್ಕೆ ಮರಳಿದ ಮೇಲೆ ಎಳೆಯ ಮರಿಗಳ ಜೊತೆ ಒಬ್ಬ ಪಾಲಕ ಅಲ್ಲೇ ಎತ್ತರದ ಮಂಚದಲ್ಲಿ ಮಲಗುತ್ತಾನೆ. ಹಾಲಿನ ಹೊತ್ತು ಮೀರಿತೆಂದರೆ ಮರಿ ಸೊಂಡಿಲೆತ್ತಿ ಅವನ ಹೊದಿಕೆಯನ್ನೇ ಎಳೆಯುತ್ತದೆ. ನಾಳೆ ಆ ಮಂಚದಲ್ಲಿ ಬೇರೊಬ್ಬನಿರುತ್ತಾನೆ. ಈ ಪಾಳಿ ಪದ್ಧತಿ ಆಯಿಶಾಳ ಸಾವಿನಿಂದ ಬಂದದ್ದು. ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ, ಏಕೆಂದರೆ ಹಲವರ ನಡುವೆ ಬೆಳೆದ ಮರಿಗೆ ಯಾವ ಒಬ್ಬ ಮನುಷ್ಯನ ಅಗಲಿಕೆಯೂ ಎರಡನೆಯ ಬಾರಿ ತಾಯಿಯನ್ನು ಕಳೆದುಕೊಂಡಂತಾಗುವುದಿಲ್ಲ.

ಸುಮಾರು ಮೂರು ವರ್ಷವಾದಾಗ ಮರಿಯನ್ನು ತ್ಸಾವೊದ ವೋಯ್ ಅಥವಾ ಇಥುಂಬಾ ಕೇಂದ್ರಕ್ಕೆ, ಇಲ್ಲವೇ ಕಿಬ್ವೇಜಿ ಅರಣ್ಯದ ಉಮಾನಿ ಸ್ಪ್ರಿಂಗ್ಸ್‌ಗೆ ಸಾಗಿಸುತ್ತಾರೆ. ಪ್ರಯಾಣಕ್ಕೆ ಮೊದಲೇ ಲಾರಿಯೊಳಗೆ ಹಾಲು ಕೊಟ್ಟು ಅಭ್ಯಾಸ ಮಾಡಿಸುತ್ತಾರೆ. ಇಲ್ಲಿಂದ ಮುಂದೆ ಪಾಲಕರ ಕೆಲಸವೆಂದರೆ ಮೆಲ್ಲಮೆಲ್ಲನೆ ಹಿಂದೆ ಸರಿಯುವುದು. ಹಗಲೆಲ್ಲ ಮರಿಗಳು ಬಯಲಿನಲ್ಲಿ ಮೇಯುತ್ತವೆ, ಪಾಲಕರು ದೂರದಿಂದ ಹಿಂಬಾಲಿಸುತ್ತಾರೆ. ಸಿಂಹಗಳ ಭಯವಿರುವುದರಿಂದ ರಾತ್ರಿ ಮಾತ್ರ ಬೇಲಿಯೊಳಗೆ ಬರುತ್ತವೆ. ಕಾಡಾನೆಗಳ ಪರಿಚಯವಾಗುವುದು ನೀರಿನ ತೊಟ್ಟಿಯ ಬಳಿ, ಮೇಯುವ ಹಾದಿಯಲ್ಲಿ. ಹಿಂದೆ ಇದೇ ಕೇಂದ್ರಗಳಲ್ಲಿ ಬೆಳೆದು ಈಗ ಕಾಡಿನಲ್ಲಿರುವ ಆನೆಗಳೂ ಬಂದು ಮರಿಗಳನ್ನು ಕರೆದೊಯ್ಯುತ್ತವೆ. ಹಾಗೆ ಹೊರಟ ಮರಿ ರಾತ್ರಿಯ ಕಾಡಿಗೆ ಇನ್ನೂ ಅಂಜುತ್ತಿದ್ದರೆ ಹಿರಿಯ ಆನೆಯೊಂದು ಅದನ್ನು ಬೇಲಿಯ ಬಾಗಿಲವರೆಗೆ ಕರೆತಂದು ಬಿಟ್ಟು ಹೋಗುವುದನ್ನು ಪಾಲಕರು ಕಂಡಿದ್ದಾರೆ. ಮರಿ ಸಿದ್ಧವಾಗಿದೆಯೇ ಎಂಬ ತೀರ್ಮಾನದಲ್ಲಿ ಮನುಷ್ಯರಿಗಿಂತ ಆ ಹಿರಿಯ ಆನೆಯ ಮಾತೇ ಹೆಚ್ಚು ನಡೆಯುತ್ತದೆ.

ಯಾವ ಆನೆಯನ್ನೂ ಗೊತ್ತಾದ ದಿನದಂದು ಹೊರಗಟ್ಟುವುದಿಲ್ಲ. ಒಂದು ರಾತ್ರಿ ಹೊರಗುಳಿದದ್ದು ಮರುದಿನ ಮರಳಿ ಬರಬಹುದು, ಆಮೇಲೆ ವಾರಗಟ್ಟಲೆ ಕಾಣದೆ ಇರಬಹುದು. ಪೂರ್ತಿ ಸ್ವತಂತ್ರವಾಗಲು ಕೆಲವಕ್ಕೆ ಐದಾರು ವರ್ಷ ಸಾಕು, ಕೆಲವಕ್ಕೆ ಹತ್ತು ವರ್ಷವೂ ಬೇಕು. ಗಂಡಾನೆಗಳು ಪ್ರಾಯಕ್ಕೆ ಬಂದಂತೆ ತಾವಾಗಿಯೇ ದೂರವಾಗುತ್ತವೆ, ಹೆಣ್ಣಾನೆಗಳು ತಮ್ಮದೇ ಹಿಂಡು ಕಟ್ಟಿಕೊಳ್ಳುತ್ತವೆ. ವೋಯ್‌ನಲ್ಲಿ ಬೆಳೆದ ಎಮಿಲಿ 2008ರಲ್ಲಿ ಕಾಡಿನಲ್ಲೇ ಈವ್ ಎಂಬ ಮರಿಗೆ ಜನ್ಮವಿತ್ತು, ಅದನ್ನು ಕರೆದುಕೊಂಡು ಬಂದು ಪಾಲಕರಿಗೆ ತೋರಿಸಿತು. ಇಥುಂಬಾದ ಮುಲಿಕಾ, ಯಟ್ಟಾ ಮುಂತಾದವೂ ಮುಂದೆ ಹಾಗೆಯೇ ಮರಿಗಳೊಂದಿಗೆ ಬಂದವು.

ಇಂಥ ಆನೆ ಮನುಷ್ಯರನ್ನೆಲ್ಲ ನಂಬಿ ಊರಿಗೆ ನುಗ್ಗೀತೆಂಬ ಅನುಮಾನಕ್ಕೂ ಉತ್ತರ ಹೇಳಬೇಕು. ಅದಕ್ಕಾಗಿಯೇ ನೈರೋಬಿಯಲ್ಲಿ ಸಾರ್ವಜನಿಕರ ಭೇಟಿಯನ್ನು ದಿನದ ಸ್ವಲ್ಪ ಹೊತ್ತಿಗೆ ಸೀಮಿತಗೊಳಿಸಿದ್ದಾರೆ ಮತ್ತು ಮರಿಗಳನ್ನು ಬಿಡುವ ನೆಲೆಯಾಗಿ ತ್ಸಾವೊವನ್ನು ಆರಿಸಿದ್ದಾರೆ. ಅಲ್ಲಿನ ಪೂರ್ವ, ಪಶ್ಚಿಮ ಉದ್ಯಾನಗಳೆರಡೂ ಸೇರಿ 20 ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತಾರವಾಗಿವೆ. ಆದರೆ ತಮ್ಮನ್ನು ಸಾಕಿದವರನ್ನು ಅವು ಮರೆಯುವುದಿಲ್ಲ. ಉರುಳಿಗೆ ಸಿಕ್ಕಿ ಕಾಲು ಕೊಯ್ದುಕೊಂಡ ಆನೆ ಎಷ್ಟೋ ಕಾಲದ ನಂತರ ತಾನು ಬೆಳೆದ ಕೇಂದ್ರವನ್ನು ಹುಡುಕಿಕೊಂಡು ಬರುತ್ತದೆ, ಪಶುವೈದ್ಯರ ಚಿಕಿತ್ಸೆ ಪಡೆದು, ಗಾಯ ಮಾಯ್ದ ಮೇಲೆ ಮತ್ತೆ ಕಾಡಿಗೆ ಹೊರಡುತ್ತದೆ.