ಹಿಂದಿನ ರಾತ್ರಿ ಒಂಬತ್ತಕ್ಕೇ ಮಲಗಿಸಿದರೆ ಆಗದು

ಬ್ಯಾಗು, ಬೈಂಡು ಹಾಕಿದ ನೋಟ್‌ಬುಕ್ಕು, ಹೊಸ ಶೂ ಎಲ್ಲ ಮೇ ಮೂರನೇ ವಾರಕ್ಕೇ ತಯಾರು. ಒಂಬತ್ತನೇ ಕ್ಲಾಸಿನ ಹುಡುಗ ಮಾತ್ರ ಇನ್ನೂ ರಾತ್ರಿ ಎರಡಕ್ಕೆ ಮಲಗಿ ಹತ್ತಕ್ಕೆ ಏಳುತ್ತಿರುತ್ತಾನೆ. ಶಾಲೆ ಶುರುವಾಗಲು ಒಂದೇ ದಿನ ಇದೆ ಎನ್ನುವಾಗ ಅಪ್ಪ ಅಮ್ಮನಿಗೆ ಗಾಬರಿ: "ಇವತ್ತು ಒಂಬತ್ತಕ್ಕೇ ಮಲ್ಕೋ." ಲೈಟು ಆರುತ್ತದೆ. ಅವನು ತಿರುಗುವ ಫ್ಯಾನು ನೋಡುತ್ತಾ ಒಂದೂವರೆವರೆಗೆ ಹೊರಳಾಡುತ್ತಾನೆ. ಬೆಳಿಗ್ಗೆ ಆರೂವರೆಗೆ ಮುಖಕ್ಕೆ ನೀರು ಚಿಮುಕಿಸಿಯೇ ಎಬ್ಬಿಸಬೇಕು. ವಾರ ಕಳೆಯುವಷ್ಟರಲ್ಲಿ, "ಇವನಿಗೆ ಓದಿನಲ್ಲಿ ಆಸಕ್ತಿನೇ ಇಲ್ಲ ಡಾಕ್ಟ್ರೇ."

ಆಸಕ್ತಿಯ ಮಾತು ಆಮೇಲೆ. ನಿದ್ದೆಗೆಟ್ಟವನಿಗೆ ಬೀಜಗಣಿತವೂ ಬೇಡ, ಬಿಸಿ ದೋಸೆಯೂ ಬೇಡ.

ನಿದ್ದೆ ಹೇಳಿದಾಗ ಬರುವುದಿಲ್ಲ. ಮಾಮೂಲು ಮಲಗುವ ಹೊತ್ತಿಗೆ ಎರಡು-ಮೂರು ಗಂಟೆ ಮುಂಚೆ ದೇಹ ತುಂಬ ಎಚ್ಚರವಾಗಿರುತ್ತದೆ. ಹರೆಯದಲ್ಲಂತೂ ನಿದ್ದೆಗೆ ಅಣಿಮಾಡುವ ಮೆಲಟೋನಿನ್ ಹಾರ್ಮೋನು ಊರುವುದೇ ಒಂದೆರಡು ಗಂಟೆ ತಡ. ಅದು ಸೋಮಾರಿತನವಲ್ಲ, ವಯಸ್ಸು. ನಮ್ಮ ಕೈಯಲ್ಲಿರುವುದು ಏಳುವ ಹೊತ್ತು ಒಂದೇ. ಅದನ್ನು ಹಿಡಿದೆಳೆದರೆ ಮಲಗುವ ಹೊತ್ತು ಕೆಲವು ದಿನ ತಡವಾಗಿಯಾದರೂ ಹಿಂದೆಯೇ ಬರುತ್ತದೆ.

ಲೆಕ್ಕ ಹಾಕಿ. ಹತ್ತರಿಂದ ಆರೂವರೆಗೆ ಮೂರೂವರೆ ಗಂಟೆ, ಅಂದರೆ ಅರ್ಧ ಗಂಟೆಯ ಏಳು ಮೆಟ್ಟಿಲು. ಒಂದೊಂದು ಮೆಟ್ಟಿಲಲ್ಲಿ ಎರಡು ದಿನ ನಿಂತರೆ ಹದಿನಾಲ್ಕು ದಿನ. ಶಾಲೆ ಮೇ 29ಕ್ಕೆ ಎಂದಾದರೆ 15ಕ್ಕೇ ಶುರುಮಾಡಿ. ಒಂದೇ ವಾರ ಉಳಿದಿದ್ದರೆ ದಿನಕ್ಕೊಂದು ಮೆಟ್ಟಿಲು. ಕಷ್ಟ, ಆದರೆ ಆಗುತ್ತದೆ.

ಎದ್ದ ಅರ್ಧ ಗಂಟೆಯೊಳಗೆ ಮನೆಯಿಂದ ಆಚೆ ಹೋಗಲಿ, ಇಪ್ಪತ್ತು-ಮೂವತ್ತು ನಿಮಿಷ. ಹಾಲು ತರಲಿ, ನಾಯಿ ಸುತ್ತಾಡಿಸಲಿ, ತಾರಸಿಯಲ್ಲಿ ಸುಮ್ಮನೆ ಕೂತರೂ ಸರಿ. ದೇಹದೊಳಗಿನ ಗಡಿಯಾರವನ್ನು ಬೇಗ ಮಲಗಿ ಬೇಗ ಏಳುವ ಕಡೆಗೆ ತಿರುಗಿಸುವುದು ಈ ಬೆಳಗಿನ ಬೆಳಕೇ. ಮೋಡ ಕವಿದ ಆಕಾಶವೂ ಮನೆಯೊಳಗಿನ ಟ್ಯೂಬ್‌ಲೈಟಿಗಿಂತ ಎಷ್ಟೋ ಪಾಲು ಪ್ರಖರ. ಹಾಗಾಗಿ ಮಳೆಗಾಲದ ನೆಪ ನಡೆಯದು. ಬೆಳಗಿನ ಈ ಭಾಗವನ್ನು ಬಿಟ್ಟು ರಾತ್ರಿ ಮೊಬೈಲ್ ಕಿತ್ತುಕೊಳ್ಳುವುದಕ್ಕಷ್ಟೇ ಜಗಳವಾಡುವ ಮನೆಗಳೇ ಜಾಸ್ತಿ. ಮೊಬೈಲ್ ಹಾಲ್‌ನಲ್ಲೇ ಚಾರ್ಜ್ ಆಗಲಿ. "ಅಲಾರಂಗೆ ಬೇಕು" ಎಂದರೆ ಒಂದು ಅಲಾರಂ ಗಡಿಯಾರ ಕೊಡಿಸಿ.

ಮಧ್ಯಾಹ್ನದ ನಿದ್ದೆ ಇಪ್ಪತ್ತು ನಿಮಿಷ, ಅದೂ ಮೂರು ಗಂಟೆಗೆ ಮುಂಚೆ. ಸಂಜೆಯ ಕಾಫಿ ಬೇಡ. ಶಾಲೆ ಶುರುವಾದ ಮೇಲೆ ಭಾನುವಾರ ಒಂದು ಗಂಟೆ ಹೆಚ್ಚು ಮಲಗಲಿ. ಹನ್ನೊಂದರವರೆಗೆ ಬಿಟ್ಟರೆ ಸೋಮವಾರ ಮತ್ತೆ ಮೊದಲಿನಿಂದ.

ಹದಿಮೂರರಿಂದ ಹದಿನೆಂಟರವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಬೆಳಗಿನ ಐದೂವರೆಯ ಟ್ಯೂಷನ್‌ಗೆ ದುಡ್ಡು ಕಟ್ಟುವ ಮುಂಚೆ ಬೆರಳು ಮಡಿಸಿ ಎಣಿಸಿ ನೋಡಿ. ಎಸ್ಸೆಸ್ಸೆಲ್ಸಿ ಎಂಬ ಕಾರಣಕ್ಕೆ ಈ ಲೆಕ್ಕ ಬದಲಾಗುವುದಿಲ್ಲ.

ಇಷ್ಟು ಮಾಡಿಯೂ ತಿಂಗಳಾದರೂ ನಿದ್ದೆ ಹಳಿಗೆ ಬಾರದಿದ್ದರೆ, ಜೋರು ಗೊರಕೆ ಇದ್ದರೆ, ಗೆಳೆಯರೂ ಆಟವೂ ಬೇಡವಾಗಿದ್ದರೆ ಡಾಕ್ಟರಿಗೆ ತೋರಿಸಿ. ಆನ್‌ಲೈನಿನಲ್ಲಿ ಸಿಗುತ್ತದೆಂದು ಮೆಲಟೋನಿನ್ ಮಾತ್ರೆ ತರಿಸಿ ನೀವೇ ಕೊಡಬೇಡಿ.