ಏಕಾದಶಿಯಂದು ಒಲೆಗೂ ಬಿಡುವು

ಮೈಸೂರಿನ ಅಗ್ರಹಾರದಲ್ಲಿ ಪೌರೋಹಿತ್ಯ ಮಾಡುವ ನನಗೆ ದಶಮಿಯ ಸಂಜೆ ಫೋನ್ ಬಂದರೆ ವಿಷಯ ಏನೆಂದು ಗೊತ್ತಿರುತ್ತದೆ. ಕಾಫಿ ಕುಡಿಯಬಹುದೇ? ಅವಲಕ್ಕಿ ನಡೆಯುತ್ತದೆಯೇ? ಸಬ್ಬಕ್ಕಿಗೆ ಈರುಳ್ಳಿ ಹಾಕಿದರೆ? ಉತ್ತರವನ್ನೇನೋ ಹೇಳುತ್ತೇನೆ. ಏಕಾದಶಿಯ ಹೊತ್ತನ್ನು ಹೇಗೆ ಕಳೆಯಬೇಕೆಂದು ಕೇಳಿದವರು ಮಾತ್ರ ತೀರಾ ಕಡಿಮೆ.

‘ಉಪ’ ಎಂದರೆ ಹತ್ತಿರ, ‘ವಾಸ’ ಎಂದರೆ ಇರುವುದು. ಉಪವಾಸ ಎಂಬ ಪದದಲ್ಲಿ ಹಸಿವಿನ ಸುದ್ದಿಯೇ ಇಲ್ಲ. ದೇವರ ಹತ್ತಿರ ಇರಲು ಹೊತ್ತು ಬೇಕು. ಆ ಹೊತ್ತನ್ನು ನುಂಗುವುದು ಊಟ, ಅದರ ತಯಾರಿ, ಉಂಡ ಮೇಲಿನ ತೂಕಡಿಕೆ. ಅಷ್ಟನ್ನು ಉಳಿಸಿ ಜಪಕ್ಕೋ ಪಾರಾಯಣಕ್ಕೋ ಕೊಡಲೆಂದೇ ಈ ವ್ರತ.

ಕಳೆದ ಪ್ರಥಮ ಏಕಾದಶಿಯಂದು ಒಂದು ಮನೆಗೆ ಹೋಗಿದ್ದೆ. ಮನೆಯಾಕೆ ಬೆಳಗಿನಿಂದ ಹನಿ ನೀರೂ ಮುಟ್ಟಿರಲಿಲ್ಲ. ಆದರೆ ಯಜಮಾನರಿಗೆ ಗೊಜ್ಜವಲಕ್ಕಿ, ಅತ್ತೆಯವರಿಗೆ ಸಬ್ಬಕ್ಕಿ ಪಾಯಸ, ಮಕ್ಕಳಿಗೆ ಅನ್ನ ಸಾರು ಎಲ್ಲವೂ ಆಗಿತ್ತು. ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತಾ, “ಸಹಸ್ರನಾಮಕ್ಕೆ ಇನ್ನೂ ಕೂತಿಲ್ಲ ಶಾಸ್ತ್ರಿಗಳೇ” ಎಂದರು. ಗಂಟೆ ನಾಲ್ಕಾಗಿತ್ತು. ಗೊಜ್ಜವಲಕ್ಕಿ ಸೊಗಸಾಗಿತ್ತೆಂದು ಯಜಮಾನರು ಹೇಳಿದರು. “ಮುಂದಿನ ಸಲ ನಿಮಗೆ ಬಾಳೆಹಣ್ಣು, ಹಾಲು ಸಾಕು” ಎಂದು ಅವರಿಗೇ ಹೇಳಿ ಬಂದೆ.

ಊಟ ಬಿಟ್ಟೊಡನೆ ಮನಸ್ಸು ಪಳಗುತ್ತದೆಂದು ಶಾಸ್ತ್ರವೂ ಹೇಳುವುದಿಲ್ಲ. ಗೀತೆಯ ಎರಡನೆಯ ಅಧ್ಯಾಯದ 59ನೆಯ ಶ್ಲೋಕದ ಪ್ರಕಾರ ನಿರಾಹಾರಿಯಿಂದ ಇಂದ್ರಿಯಗಳನ್ನು ಸೆಳೆಯುವ ವಿಷಯಗಳು ದೂರ ಸರಿಯುತ್ತವೆ, ಅವುಗಳ ರುಚಿ ಮಾತ್ರ ಒಳಗೇ ಉಳಿಯುತ್ತದೆ. ಪರಮಾತ್ಮನನ್ನು ಕಂಡ ಮೇಲೆ ಅದೂ ಹೋಗುತ್ತದೆ. ಮಧ್ಯಾಹ್ನ ಪಕ್ಕದ ಮನೆಯ ಒಗ್ಗರಣೆಯ ಘಮಕ್ಕೆ ಜಪಮಣಿ ಹಿಡಿದ ಬೆರಳು ನಿಂತುಬಿಡುತ್ತದಲ್ಲ, ಆ ಗಳಿಗೆ ಮುಖ್ಯ. ಹೊಟ್ಟೆ ತುಂಬಿದ ದಿನ ನಾಲಿಗೆಯ ಈ ಯಜಮಾನಿಕೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಹಟದಿಂದ ಉಪವಾಸವನ್ನು ಎಳೆಯುವವರಿಗೆ ಭಾಗವತದ ಅಂಬರೀಷ ರಾಜನನ್ನು ನೆನಪಿಸುತ್ತೇನೆ. ಅತಿಥಿಯಾಗಿ ಬಂದ ದುರ್ವಾಸರು ಸ್ನಾನಕ್ಕೆಂದು ಯಮುನೆಗೆ ಹೋದವರು ಬರಲಿಲ್ಲ, ದ್ವಾದಶಿ ಮುಗಿಯುತ್ತಾ ಬಂತು. ಅತಿಥಿಯನ್ನು ಬಿಟ್ಟು ಉಣ್ಣುವಂತಿಲ್ಲ, ಪಾರಣೆಯ, ಅಂದರೆ ಉಪವಾಸ ಬಿಡುವ, ಕಾಲ ಮೀರುವಂತೆಯೂ ಇಲ್ಲ. ರಾಜ ನೀರು ಕುಡಿದ. ನೀರು ಕುಡಿದರೆ ಉಂಡಂತೆಯೂ ಹೌದು, ಉಣ್ಣದಂತೆಯೂ ಹೌದು. ದುರ್ವಾಸರು ಸಿಟ್ಟಾದದ್ದು, ವಿಷ್ಣುವಿನ ಚಕ್ರ ಅವರನ್ನು ಅಟ್ಟಿದ್ದು ಎಲ್ಲರಿಗೂ ಗೊತ್ತು. ನನಗೆ ಆ ಗುಟುಕು ನೀರೇ ದೊಡ್ಡದು: ಕಾಲಕ್ಕೆ ಸರಿಯಾಗಿ ಉಪವಾಸ ಬಿಡುವುದೂ ವ್ರತದ ಅಂಗವೇ.

ಸಕ್ಕರೆ ಕಾಯಿಲೆಯವರು ಮಾತ್ರೆ ನುಂಗಿದರೆ ವ್ರತ ಕೆಡುತ್ತದೆಯೇ ಎಂದು ಅಂಜುತ್ತಾ ಕೇಳುತ್ತಾರೆ. ವ್ರತ ಕೆಡಿಸದ ಎಂಟು ವಸ್ತುಗಳನ್ನು ಹೇಳುವ ಹಳೆಯ ಶ್ಲೋಕದಲ್ಲಿ ನೀರು, ಗೆಡ್ಡೆ, ಹಣ್ಣು, ಹಾಲುಗಳ ಜೊತೆ ಔಷಧವೂ ಇದೆ. ಊಟ ತಪ್ಪಿಸಬೇಡಿ ಎಂದು ವೈದ್ಯರು ಹೇಳಿದ್ದರೆ ಊಟವನ್ನೇ ಮಾಡಿ. ಸಂಜೆ ಒಂಟಿಕೊಪ್ಪಲಿನ ವೆಂಕಟರಮಣನ ಗುಡಿಯಲ್ಲಿ ಅರ್ಧ ಗಂಟೆ ಕೂತು ಬನ್ನಿ. ಮೊಬೈಲ್ ಮನೆಯಲ್ಲಿರಲಿ.