‘ನಿಮ್ಮ ಬಗ್ಗೆ ಹೇಳಿ’ ಅಂದರೆ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ಬಳ್ಳಾರಿಯವಳು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಆಮೇಲೆ ಆ್ಯಪ್‌ಗಳ ಸ್ಕ್ರೀನ್ ಡಿಸೈನ್ ಮಾಡುವ ಸಾಫ್ಟ್‌ವೇರ್ ಫಿಗ್ಮಾವನ್ನು ಸ್ವಂತವಾಗಿ ಕಲಿತೆ. ನಮ್ಮ ಏರಿಯಾದ ಜೀನ್ಸ್ ಹೊಲಿಗೆ ಘಟಕವೊಂದಕ್ಕೆ ಕೂಲಿ ಲೆಕ್ಕ ಇಡುವ ಆ್ಯಪ್ ಡಿಸೈನ್ ಮಾಡಿದ್ದೇನೆ. ಈಗ ಬೆಂಗಳೂರಿನಲ್ಲಿ ಪ್ರಾಡಕ್ಟ್ ಡಿಸೈನರ್, ಅಂದರೆ ಆ್ಯಪ್ ಬಳಸುವವರಿಗೆ ಸುಲಭವಾಗುವ ಹಾಗೆ ರೂಪಿಸುವ ಕೆಲಸಕ್ಕೆ ಇಂಟರ್‌ವ್ಯೂ ಇದೆ. ‘ನಿಮ್ಮ ಬಗ್ಗೆ ಹೇಳಿ’ ಅಂದರೆ ಏನು ಹೇಳಲಿ?

ಉತ್ತರ: ಹೆಸರು ಹೇಳಿ, ನೇರವಾಗಿ ಆ ಜೀನ್ಸ್ ಘಟಕಕ್ಕೆ ಬನ್ನಿ. ತಂದೆಯ ಹೆಸರು, ಎಸ್ಸೆಸ್ಸೆಲ್ಸಿ ಪರ್ಸೆಂಟೇಜ್, ಹವ್ಯಾಸ ಅಂತ ಸಾಲಾಗಿ ಒಪ್ಪಿಸುವುದು ಇಲ್ಲಿ ಬೇಡ. ಓದಿನ ವಿವರ ರೆಸ್ಯೂಮೆಯಲ್ಲೇ ಇದೆ. ಜನರ ತೊಂದರೆ ನಿಮ್ಮ ಕಣ್ಣಿಗೆ ಹೇಗೆ ಬೀಳುತ್ತದೆ, ಕಂಡ ಮೇಲೆ ನೀವು ಏನು ಮಾಡುತ್ತೀರಿ ಅನ್ನುವುದು ನಿಮ್ಮ ಮಾತಿನಿಂದ ಎದುರಿಗೆ ಕೂತವರಿಗೆ ಗೊತ್ತಾಗಬೇಕು.

ನಿಮ್ಮ ಮಾತು ಹೀಗಿರಬಹುದು. ವಿವರ ಮಾತ್ರ ನೀವು ಕಂಡದ್ದನ್ನೇ ಹಾಕಿ:

“ಬಳ್ಳಾರಿಯ ಜೀನ್ಸ್ ಘಟಕವೊಂದಕ್ಕೆ ಆ್ಯಪ್ ಡಿಸೈನ್ ಮಾಡಿದೆ. ಅಲ್ಲಿ ಟೈಲರ್‌ಗಳಿಗೆ ಪೀಸ್ ಲೆಕ್ಕದಲ್ಲಿ ಕೂಲಿ. ಎಷ್ಟು ಪೀಸ್ ಆಯಿತು ಅಂತ ಚೀಟಿಯಲ್ಲಿ ಬರೆದಿಡುತ್ತಿದ್ದರು. ಚೀಟಿ ಕಳೆದರೆ ಬಟವಾಡೆ ದಿನ ಜಗಳ. ನನ್ನ ಮೊದಲ ಸ್ಕ್ರೀನ್‌ನಲ್ಲಿ ಸಂಖ್ಯೆ ಟೈಪ್ ಮಾಡಬೇಕಿತ್ತು. ಯಾರೂ ಮಾಡಲಿಲ್ಲ. ಪಕ್ಕದಲ್ಲಿ ಕೂತು ನೋಡಿದೆ, ಮಷಿನ್ ಬಿಟ್ಟು ಎರಡೂ ಕೈ ತೆಗೆಯಲು ಅವರಿಗೆ ಪುರುಸೊತ್ತಿಲ್ಲ. ಬಂಡಲ್ ಮುಗಿದಾಗ ದೊಡ್ಡ ಬಟನ್ ಒಂದನ್ನು ಒತ್ತಿದರೆ ಸಾಕು ಅನ್ನುವ ಹಾಗೆ ಬದಲಿಸಿದೆ.”

ಇದರಲ್ಲಿ ‘ಯಾರೂ ಮಾಡಲಿಲ್ಲ’ ಅನ್ನುವ ಮಾತನ್ನು ಯಾವ ಕಾರಣಕ್ಕೂ ಬಿಡಬೇಡಿ. ಮೊದಲ ಡಿಸೈನ್ ಕೈಕೊಟ್ಟದ್ದನ್ನು ಹೇಳಲು ತುಂಬಾ ಜನ ಹೆದರುತ್ತಾರೆ. ನನಗೆ ಕೇಳಿದರೆ ಇಡೀ ಪರಿಚಯದಲ್ಲಿ ತೂಕ ಇರುವುದೇ ಅಲ್ಲಿ. ನೀವು ಬಳಸುವವರ ಪಕ್ಕ ಕೂತಿದ್ದಿರಿ ಅನ್ನುವುದಕ್ಕೆ ಅದೇ ಸಾಕ್ಷಿ. ಮುಂದಿನ ಪ್ರಶ್ನೆಯೂ ಬಹುಶಃ ಅಲ್ಲಿಂದಲೇ ಬರುತ್ತದೆ: ತಪ್ಪಿ ಎರಡು ಸಲ ಒತ್ತಿದರೆ? ಓದು ಬರದವರು ಏನು ಮಾಡಿದರು? ನೆಟ್‌ವರ್ಕ್ ಇಲ್ಲದಿದ್ದರೆ? ಇವಕ್ಕೆ ಉತ್ತರ ತಯಾರಿರಲಿ. ಉತ್ತರ ಇಲ್ಲದ ಕೆಲಸವನ್ನು ಪರಿಚಯದಲ್ಲಿ ಎತ್ತಲೇಬೇಡಿ.

ಲೆಕ್ಕ ಇಟ್ಟಿಲ್ಲ ಅಂದರೆ ‘ಶೇ 40ರಷ್ಟು ಸಮಯ ಉಳಿಯಿತು’ ಅಂತ ಸುಮ್ನೆ ಸೇರಿಸಬೇಡಿ. ‘ಚೀಟಿ ಬರೆಯುವುದು ನಿಂತಿತು’ ಅನ್ನುವುದು ನಿಜವಾಗಿದ್ದರೆ ಅದೇ ಸಾಕು. ಗೆಳೆಯರ ಜೊತೆ ಮಾಡಿದ್ದಾದರೆ ನಿಮ್ಮ ಪಾಲು ಯಾವುದು ಅಂತ ಬಿಡಿಸಿ ಹೇಳಿ.

ಮೆಕ್ಯಾನಿಕಲ್ ಓದಿದ್ದಕ್ಕೆ ಸಂಕೋಚ ಬೇಡ, ಒಂದು ವಾಕ್ಯ ಸಾಕು. ಊರಿನ ವಿಷಯಕ್ಕೂ ಅಷ್ಟೇ. ರಾಯಚೂರಿನ ಎಪಿಎಂಸಿಗೆ ಹತ್ತಿ ತರುವ ರೈತರು, ಕೊಪ್ಪಳದ ಕಿನ್ನಾಳದಲ್ಲಿ ಬೊಂಬೆ ಮಾಡಿ ಮಾರುವವರು, ಎಲ್ಲರ ಕೈಯಲ್ಲೂ ಈಗ ಮೊಬೈಲ್ ಇದೆ. ಅವರು ಎಲ್ಲಿ ತಡವರಿಸುತ್ತಾರೆ ಅಂತ ಹತ್ತಿರದಿಂದ ನೋಡುವ ಅವಕಾಶ ನಮ್ಮ ಕಡೆಯವರಿಗೆ ಜಾಸ್ತಿ ಅಲ್ವಾ?

ಕೊನೆಗೆ ಆ ಕಂಪನಿಯ ಮಾತು ಬರಲಿ. ಅವರ ಆ್ಯಪ್ ಹಾಕಿಕೊಂಡು ಒಂದಷ್ಟು ದಿನ ನಿಜವಾಗಿ ಬಳಸಿ. ನಿಮ್ಮ ಗಮನಕ್ಕೆ ಬಂದ ಒಂದು ಸಂಗತಿ ಹೇಳಿ, ‘ಇಂಥ ಕೆಲಸ ಮಾಡಬೇಕು ಅಂತಲೇ ಬಂದಿದ್ದೇನೆ’ ಅಂದು ನಿಲ್ಲಿಸಿ. ಒಟ್ಟು ಎರಡು ನಿಮಿಷ ದಾಟಬಾರದು.

ಇಂಗ್ಲಿಷ್‌ನಲ್ಲಿ ಹೇಳಬೇಕಾಗಿದ್ದರೂ ಮೊದಲು ಕನ್ನಡದಲ್ಲೇ ಮನೆಯವರಿಗೆ ಹೇಳಿ ನೋಡಿ. ಅಮ್ಮನಿಗೆ ಅರ್ಥವಾಗದ ಜಾಗದಲ್ಲಿ ವಿಷಯ ಇನ್ನೂ ತಿಳಿಯಾಗಿಲ್ಲ ಅಂತ ಲೆಕ್ಕ. ಅದನ್ನು ಸರಿ ಮಾಡಿಕೊಂಡು ಇಂಗ್ಲಿಷ್‌ಗೆ ಹೋಗಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಬಾಯಿಪಾಠ ಬೇಡ. ಘಟಕ, ಚೀಟಿ, ಬಟನ್, ಕಂಪನಿ, ಈ ನಾಲ್ಕು ಪದ ಒಂದು ಹಾಳೆಯಲ್ಲಿ ಬರೆದಿಡಿ, ಇಂಟರ್‌ವ್ಯೂ ಆನ್‌ಲೈನ್ ಆಗಿದ್ದರೆ ಲ್ಯಾಪ್‌ಟಾಪ್ ಪಕ್ಕ ಇಟ್ಟುಕೊಳ್ಳಿ.